ಪೆನ್ಸಿಲ್ ಗೆರೆ

ಸೊಹಾರಿನ ಬಾಡಿಗೆಮನೆಯ ಅಂಗಳ
ಹನ್ನೊಂದು ಹೆಜ್ಜೆ ಉದ್ದ, ಆರು ಅಗಲ.
ರಿಫೈನರಿಯ ಹಳೇ ನಕ್ಷೆಯ ಬೆನ್ನ ಮೇಲೆ
ಪೆನ್ಸಿಲ್ಲಿನಲ್ಲಿ ಬರೆದೆ:
ಪಡುವಣಕ್ಕೆ ನುಗ್ಗೆ, ಇಳಿಬಿಸಿಲಿಗೆ ಅದೇ ಕೊಡೆ,
ಕೊಡೆಯ ಕೆಳಗೆ ಬಸಳೆ, ಹರಿವೆ, ಕೊತ್ತಂಬರಿ,
ಗೋಡೆ ಹತ್ತಿ ಮಲಗಲಿ ಸಿಹಿಗುಂಬಳ.

ನೀರಿಗೆ ಮೀಟರಿದೆ.
ಆದರೆ ಎ.ಸಿ.ಗೆ ಅಕ್ಟೋಬರಿನಲ್ಲೂ ಬೆವರು:
ಕಡಲ ಹಸಿಗಾಳಿ, ನಮ್ಮ ಉಸಿರು, ಹುಳಿಯ ಹಬೆ
ಎಲ್ಲ ಕೂಡಿ ತೊಟ್ಟಿಕ್ಕಿ
ಬೆಳಗಿಗೆ ಮುಕ್ಕಾಲು ಬಕೆಟ್ಟು.
ನಾಲಿಗೆಗೆ ಹಚ್ಚಿ ನೋಡಿದೆ, ಉಪ್ಪಿಲ್ಲ.

ಕುಂಬಳ ಹೂಬಿಟ್ಟಿತು.
ಹೆಣ್ಣುಹೂಗಳು ಸೊಂಟದಲ್ಲಿ ಪುಟ್ಟ ಕಾಯಿ ಹೊತ್ತೇ ಅರಳಿ
ಒಂದು ಬೆಳಗು ಕಾದು, ಬಾಡಿ, ಉದುರಿದವು.
ಬರುವವರೇ ಇಲ್ಲ.
ಮಗಳ ಬಣ್ಣದ ಕುಂಚ ಕದ್ದು
ಆರು ಗಂಟೆಗೆ, ಲುಂಗಿ ಎತ್ತಿ ಕಟ್ಟಿ,
ಆ ಹೂವಿಂದ ಈ ಹೂವಿಗೆ ಓಡಾಡಿದೆ,
ಕಮಿಷನ್ ಇಲ್ಲದ ಮದುವೆ ದಲ್ಲಾಳಿ.

ಪಕ್ಕದ ಖಲ್ಫಾನಜ್ಜ ಗೋಡೆಯಾಚೆಯಿಂದ ನೋಡಿ ನಕ್ಕ.
ಹರಕು ಹಿಂದಿಯಲ್ಲಿ ಕೇಳಿದ: "ಎಲ್ಲ ನೀನೇ ತಿಂದರೆ
ನೆಂಟರಿಗೇನು ಬಡಿಸುತ್ತೀ?"
ನಾನು ಕೊತ್ತಂಬರಿಯ ಬುಡಕ್ಕೇ ಕತ್ತರಿ ಇಟ್ಟಿದ್ದೆ.
ತೆಗೆದೆ.
ಅರ್ಧ ಮಡಿ ಹೂವಾಗಲು ಬಿಟ್ಟೆ, ತುಳಸಿಯ ತೆನೆ ಚಿವುಟಲಿಲ್ಲ,
ಒಡೆದ ತಟ್ಟೆಯಲ್ಲಿ ಕಲ್ಲು ಹರಡಿ ನೀರಿಟ್ಟೆ.

ಇಪ್ಪತ್ತು ದಿನ ಏನೂ ಇಲ್ಲ. ಒಂದು ನೊಣ.
ಇಪ್ಪತ್ತೊಂದಕ್ಕೆ, ಕೊತ್ತಂಬರಿಯ ಬಿಳಿ ಪುಡಿಹೂವಿನ ಮೇಲೆ
ಅರೇ, ಕೋಲುಜೇನು!
ನಮ್ಮೂರಿನದು ಅಂದೆ.
ಇಲ್ಲಿಯದೇ ಅಂದ ಅಜ್ಜ.

ಆಮೇಲೆ ಮನುಷ್ಯರೂ ಬಂದರು.
ಮಹಡಿಯ ನರ್ಸ್ ಮಾರಿಟೆಸ್ ನುಗ್ಗೆಸೊಪ್ಪು ಕಂಡು
"ಮಲುಂಗ್ಗಾಯ್!" ಎಂದು ಕೂಗುತ್ತ ಬರಿಗಾಲಲ್ಲಿ ಇಳಿದಳು.
ಗ್ಯಾಸ್ ಹೊರುವ ಮೋಫಿಜುಲ್
ಖಾಲಿ ಸಿಲಿಂಡರಿನ ಮೇಲೇ ಕೂತು ನೆರಳು ಕುಡಿದ,
ಹೋಗುವಾಗ ಎರಡು ಹಸಿಮೆಣಸು ಜೇಬಿಗೆ.
ಮೇಕೆಗಳೂ ಬಂದವು. ಬಸಳೆ ಹೋಯಿತು.
ನಕ್ಷೆ ತಿದ್ದಿದೆ: ಗೇಟಿಗೆ ಬೀಗ ಬೇಡ, ಕೊಕ್ಕೆ ಸಾಕು,
ಮೇಕೆಯ ಮೂತಿಗೆ ಎಟುಕದಷ್ಟು ಮೇಲೆ,
ಕೈಯಿರುವ ಯಾರಿಗೂ ಎಟುಕುವಷ್ಟು ಕೆಳಗೆ.

ನಿನ್ನೆ ಅಜ್ಜ ಒಂದು ಸಸಿ ತಂದ. ಸಿದ್ರ್ ಅಂದ.
ಮುಳ್ಳು ಚುಚ್ಚಿದಾಗ ಗೊತ್ತಾಯಿತು, ಎಲಚಿ.
ಇದು ಹೂಬಿಟ್ಟರೆ ಜೇನು ಕರೆಯದೇ ಬರುತ್ತದಂತೆ;
ಅದಕ್ಕೆ ನಾಲ್ಕು ವರ್ಷ ಬೇಕಂತೆ.
ನನ್ನ ವೀಸಾಕ್ಕೆ ಇನ್ನು ಹದಿನಾಲ್ಕು ತಿಂಗಳು.
ಮೂಲೆಯಲ್ಲಿ ಅದರ ಜಾಗ ಗುರುತಿಸಿದೆ,
ಇದೊಂದನ್ನು ಪೆನ್ನಿನಲ್ಲಿ.