ನೂರಹದಿನೇಳನೆಯ ಒಗಟು

ಮಲ್ಲತ್ತಹಳ್ಳಿ ಸರ್ಕಲ್ಲಿನಲ್ಲಿ ಕೀಲಿಮಣೆ ಕುಟ್ಟುತ್ತ
ಹದಿನಾಲ್ಕು ವರ್ಷ.
ಎಡಕ್ಕೆ ಜೆರಾಕ್ಸು, ಬಲಕ್ಕೆ ಸಿದ್ದೀಕ್ ಭಾಯಿಯ ಬೈಂಡಿಂಗಿನ ಗೋಂದು,
ನಡುವೆ ನಾನು, ಪುಟಕ್ಕೆ ಹದಿನೆಂಟು ರೂಪಾಯಿ.
ಎಷ್ಟು ಜನರನ್ನು ಡಾಕ್ಟರು ಮಾಡಿದ್ದೀನೋ ಲೆಕ್ಕವಿಲ್ಲ.
ಸೋಬಾನೆ, ಜೋಗುಳ, ಬೈಗುಳ, ಚೇಳಿನ ಮಂತ್ರ
ಎಲ್ಲ ಈ ಹತ್ತು ಬೆರಳಡಿ ಹಾದು ಹೋಗಿವೆ
ಹದಿನಾಲ್ಕು ಪಾಯಿಂಟಿನಲ್ಲಿ, ಒಂದೂವರೆ ಅಂತರದಲ್ಲಿ.
ಕೃತಜ್ಞತೆಯ ಕಟ್ಟಕಡೆಯ ಸಾಲು ನನ್ನದು:
"ಅಚ್ಚುಕಟ್ಟಾಗಿ ಗಣಕೀಕರಿಸಿದ ಶ್ರೀಮತಿ ಸರ್ವಮಂಗಳ ಅವರಿಗೆ."
ಅದನ್ನೂ ನಾನೇ ಹೊಡೆಯುವುದು. ಅದೊಂದರಲ್ಲಿ
ಕಾಗುಣಿತ ತಪ್ಪಿದ್ದಿಲ್ಲ.

ತಿಪ್ಪೇಶ್ ಸರ್ ಬಂದದ್ದು ಸಲ್ಲಿಕೆಯ ಹಿಂದಿನ ಸಂಜೆ.
ಅನುಬಂಧ ಮೂರು: ಒಗಟುಗಳು.
ಎಡಗಡೆ ಒಗಟು, ಬಲಗಡೆ ಉತ್ತರ, ಅಡಿಯಲ್ಲಿ
ವಕ್ತೃ: ಕೆಂಚಮ್ಮ ಕೋಂ ಮರಿಯಪ್ಪ, ವಯಸ್ಸು ಸುಮಾರು ಎಪ್ಪತ್ತು,
ಕಸುಬು ಕೂಲಿ, ಸೋಲೂರು ಹೋಬಳಿ,
ಮೊಬೈಲ್ ನಂಬರು ಮಗಳದು.

ನೂರಹದಿನೇಳು:
"ಊರಿಗೆಲ್ಲ ಅಳೆದು ಸುರಿದಳು,
ಮನೆಗೆ ಬಂದು ಬೋರಲು ಮಲಗಿದಳು."
ಬಲಗಡೆ ಖಾಲಿ. ಪೆನ್ಸಿಲಿನಲ್ಲಿ ಸಣ್ಣಗೆ:
"ನಾಳೆ ಬಾ, ಹೇಳ್ತೀನಿ ಅಂದರು."
ಆ ನಾಳೆ ಇವರು
ಗೈಡಿನ ಮಗಳ ನಿಶ್ಚಿತಾರ್ಥಕ್ಕೆ ಕುರ್ಚಿ ಸಾಗಿಸುತ್ತಿದ್ದರಂತೆ.

ರಾತ್ರಿ ಹನ್ನೊಂದೂಕಾಲು. ಅವರ ಫೋನು ಸ್ವಿಚ್ ಆಫ್.
ಸಿದ್ದೀಕ್ ಭಾಯಿ ಶಟರನ್ನು ಅರ್ಧ ಇಳಿಸಿ
ನನ್ನನ್ನೇ ನೋಡುತ್ತಿದ್ದಾರೆ.
ಖಾಲಿ ಮನೆಯೊಳಗೆ ಕರ್ಸರು ಕಣ್ಣು ಮಿಟುಕಿಸುತ್ತಿದೆ.

ನನ್ನಮ್ಮ ಶ್ರೀನಗರದ ಬಸ್ ಸ್ಟಾಪಿನಲ್ಲಿ ಕಡ್ಲೆಪುರಿ ಮಾರುತ್ತಿದ್ದಳು.
ಸಂಜೆಯೆಲ್ಲ ಅಳೆದು, ಮೇಲೊಂದು ಹಿಡಿ ಕೊಸರು ಹಾಕಿ,
ರಾತ್ರಿ ಮೂಲೆಯಲ್ಲಿ ಪಾವನ್ನು ಬೋರಲಿಟ್ಟು
ಪಕ್ಕದಲ್ಲಿ ತಾನೂ ಹಾಗೇ,
ಬೆನ್ನು ಮೇಲಾಗಿ.

ಹೊಡೆದೆ: ಪಾವು.
ಎರಡೇ ಅಕ್ಷರ. ಅವಕ್ಕೆ ದುಡ್ಡು ಹಾಕಲಿಲ್ಲ.

ಬಹುಮಾನ ಬಂತು. ವಿದ್ಯಾರ್ಥಿ ವಿಭಾಗದ
ಅತ್ಯುತ್ತಮ ಜಾನಪದ ಸಂಶೋಧನೆ:
ಇಪ್ಪತ್ತೈದು ಸಾವಿರ, ಪೇಟ, ಶಾಲು, ಹಣ್ಣಿನ ಬುಟ್ಟಿ.
(ವಿದ್ವಾಂಸರ ವಿಭಾಗದವರ ಬುಟ್ಟಿಯಲ್ಲಿ ಅನಾನಸೂ ಇತ್ತು.)
ಬಿನ್ನವತ್ತಳೆ ಟೈಪು ಮಾಡಿದ್ದಕ್ಕೆ ನನ್ನನ್ನೂ ಕರೆದಿದ್ದರು,
ಜೆ.ಸಿ. ರಸ್ತೆಯ ಸಭಾಂಗಣದಲ್ಲಿ
ಕೊನೆಯ ಸಾಲಿಗೆ, ಫ್ಯಾನಿಲ್ಲದ ಕಡೆ.
ತೀರ್ಪುಗಾರರು ಕನ್ನಡಕ ಏರಿಸಿದರು:
"ಬೇರೆ ಸೀಮೆಯಲ್ಲಿ ಇಂಥ ಒಗಟಿಗೆ ಮೋಡ ಅಂತಾರೆ.
ಈ ತಾಯಿ ಪಾವು ಅಂದಿದ್ದಾರೆ!
ಮುಗಿಲನ್ನು ಮಾರುಕಟ್ಟೆಗಿಳಿಸಿದ ಈ ಪಾಠಾಂತರವೇ
ಈ ಪ್ರಬಂಧದ ಪ್ರಾಣ."
ಚಪ್ಪಾಳೆ. ನಾನೂ ತಟ್ಟಿದೆ.
ಪೇಟದ ಕೆಳಗೆ ತಿಪ್ಪೇಶ್ ಸರ್ ಹುಬ್ಬು ಗಂಟಿಕ್ಕಿದ್ದರು,
ಇದನ್ನು ಎಲ್ಲಿ ಕೇಳಿದೆ ಎಂದು
ನೆನೆಸಿಕೊಳ್ಳುವವರ ಹಾಗೆ.

ನಾಲ್ಕು ದಿನ ತಡೆದೆ.
ಐದನೆಯ ದಿನ ಅನುಬಂಧದ ನಂಬರಿಗೆ ಫೋನು.
ಮಗಳು ಎತ್ತಿ ಅವ್ವನಿಗೆ ಕೊಟ್ಟಳು.
ಹಿಂದೆ ಕೋಳಿ, ಬಿಂದಿಗೆ, ಟೀವಿಯ ಜಗಳ.
ಬಹುಮಾನದ ಸುದ್ದಿ ಅಲ್ಲಿಗೆ ಮುಟ್ಟಿರಲಿಲ್ಲ.
ಹೇಳಿದೆ. "ಯಾರ್ಗೆ?" ಅಂದಳು.
"ಓ, ಆ ತೆಳ್ಳನ್ ಹುಡುಗ! ನಾಳಿಕ್ ಬತ್ತೀನಿ ಅಂದೋನು."
ಒಗಟು ನೆನಪಿಸಿ, ಉತ್ತರ ಏನಮ್ಮ ಅಂದೆ.
"ನೀ ಏನಂದ್ಕೊಂಡಿದ್ದೀಯೇ, ಮೊದ್ಲು ಅದ್ ಯೋಳು."
ಪಾವು, ಅಂದೆ.
ಅತ್ತ ಎಲೆ ಜಗಿಯುವುದು ನಿಂತಿತು.
ತುಸು ಹೊತ್ತಾದ ಮೇಲೆ ನಗು, ಕೆಮ್ಮು ಬೆರೆತ ನಗು.
"ಅದೂ ಆಯ್ತದೆ ಬುಡು.
ಇನ್ನೊಂದ್ ಯೋಳ್ಲಾ?"

ಕಾಗದಕ್ಕೆ ತಡಕಾಡಿದೆ.
ಕೈಗೆ ಸಿಕ್ಕಿದ್ದು ಬಿನ್ನವತ್ತಳೆಯ ಕೆಟ್ಟ ಪ್ರಿಂಟು,
"ಶ್ರೀಯುತರ ಅವಿರತ ಕ್ಷೇತ್ರಕಾರ್ಯ" ಎಂಬಲ್ಲಿ
ಇಂಕು ಮುಗಿದದ್ದು.
ಬೋರಲು ಹಾಕಿ
ಬರೆದುಕೊಂಡೆ.