ಹನ್ನೊಂದು ತಿಂಗಳ ಕರಾರು

ರಕ್ತನಿಧಿಯ ಫ್ರಿಜ್ಜು ರಾತ್ರಿಯೆಲ್ಲಾ ಗುಂಯ್‌ಗುಡ್ತದ.
ನಾಕು ತಾಸಿಗೊಮ್ಮೆ ಎದ್ದು
ರಜಿಸ್ಟರಿನಾಗ ಡಿಗ್ರಿ ಬರೀಬೇಕು, ಸಹಿ ಹಾಕಬೇಕು.
ಹೊರಗ ಕಲಬುರಗಿಯ ಮೇ ತಿಂಗಳು, ನಡುರಾತ್ರಿಗೂ ಗ್ವಾಡಿ ಬಿಸಿ.
ನಡುವಿನ ಹೊತ್ತಿನಾಗ
ನಾ ಒಂದು ಫುಟ್‌ಬಾಲ್ ತಂಡ ನಡಸ್ತೀನಿ.

ನಗಬ್ಯಾಡ್ರಿ. ಅಕ್ಕನ ಮಗ ಬಿಟ್ಟುಹೋದ ಹಳೇ ಲ್ಯಾಪ್‌ಟಾಪು,
ಅದರಾಗ ಈ ಆಟ. ಚೆಂಡು ಒದಿಯೂದು ನನ್ನ ಕೆಲಸಲ್ಲ,
ಲೆಕ್ಕ, ಪಗಾರ, ಮುನಿಸು, ಸಂಧಾನ, ಇಷ್ಟೇ.
ತಂಡದ ಹೆಸರು ನಾನೇ ಬದಲಿ ಮಾಡೀನಿ: ಶಹಾಬಾದ್ ಎಫ್‌ಸಿ.
ಅಂಗಿ ಬಣ್ಣ ನಮ್ಮೂರ ಫರ್ಸಿ ಕಲ್ಲಿನ ಬೂದಿ.
ಮೂರು ವರ್ಷಕ್ಕ ಮ್ಯಾಲಿನ ಲೀಗಿಗೆ ತಂದೀನಿ,
ಯಾರಿಗೂ ಹೇಳಿಲ್ಲ.

ಈಗ ಎದಿನಾಲ್ದೊ ಅಂತೊಬ್ಬ, ಇಪ್ಪತ್ತೆರಡರ ಹುಡುಗ,
ಹೋದ ಸೀಸನ್ನು ಇಪ್ಪತ್ಮೂರು ಗೋಲು ಹೊಡದಾನ,
ಏಜೆಂಟನ್ನ ಮುಂದ ಮಾಡಿ ಬಂದಾನ.
ಮೂರು ಪಟ್ಟು ಪಗಾರ ಬೇಕಂತ.
ಗೋಲಿಗೊಂದು ಇನಾಮು,
ಬೆಂಚಿನ ಮ್ಯಾಲ ಕುಂತ್ರೂ ಇನಾಮು,
ವರ್ಷಾ ವರ್ಷಾ ಏರಿಕಿ, ನಿಷ್ಠೆಗಂತ ಬ್ಯಾರೆ ಒಂದು ಗಂಟು,
ಮತ್ತ, ದೊಡ್ಡ ತಂಡ ಕರದ್ರ ಓಡಿಹೋಗ್ಲಾಕ ಒಂದು ಕಿಂಡಿ.
ನಿಷ್ಠೆಗೂ ರೊಕ್ಕ, ಓಡಿಹೋಗ್ಲಾಕೂ ಬಾಗಿಲ!
ಸುಸಲಾದ ಜೋಡಿ ಮಿರ್ಚಿ ಮುರಕೋತ
ಒಬ್ಬಾಕಿನೇ ನಕ್ಕೆ.

ಇಂಥವರನ್ನ ಸಂಭಾಳಿಸೂ ಪರಿ ನಂಗ ಗೊತ್ತು.
ಮೊದಲ ಮಾತಿಗೆ ಹೂಂ ಅನಬಾರದು.
ಏರಿಕಿಗೆ ಒಪ್ಪಿ ಕಿಂಡಿ ಮುಚ್ಚಬೇಕು.
ಏಜೆಂಟನ ತಾಳ್ಮಿ ಪರದೆ ಮ್ಯಾಲ ಒಂದು ಹಸಿರು ಪಟ್ಟಿ,
ಅದು ಕೆಂಪಗಾಗೂ ಮೊದಲ ಕೈ ತಡೀಬೇಕು.
ಒಬ್ಬನಿಗೆ ಸುರುವಿದ್ರ ಮರುದಿನ ಗೋಲ್‌ಕೀಪರ್ ಬರ್ತಾನ,
ಅವನ ಹಿಂದ ಕ್ಯಾಪ್ಟನ್, ಮೊಳಕಾಲು ನೋವಿನ ಮುದುಕ,
‘ನಂದೇನು ಕಡಿಮಿ ಅದ?’
ನಾ ಮಾತು ಮುರದೆ. ಏಜೆಂಟ್ ಎದ್ದ:
‘ವಿಚಾರ ಮಾಡ್ರಿ, ಮತ್ತ ಬರ್ತೀವಿ.’

ಅದೇ ವಾರ ಅಣ್ಣಾರಾವ್ ಬಂದ.
ಬಗಲಾಗ ಫೈಲು, ಬಾಯಾಗ ಗುಟ್ಕಾ.
‘ಮೇಡಂ, ಕರಾರು ಮುಗೀತು, ಹೊಸಾದಕ್ಕ ಸಹಿ.’
ಹನ್ನೊಂದು ತಿಂಗಳು. ಆಮ್ಯಾಲ ಒಂದು ದಿನ ನಾ ಯಾರೂ ಅಲ್ಲ,
ಮರುದಿನ ಮತ್ತ ಲ್ಯಾಬ್ ಟೆಕ್ನೀಷಿಯನ್.
ಏಳನೇ ಸಲ ಇದು. ಪಗಾರದ ಜಾಗಾ ಖಾಲಿ ಇರ್ತದ,
ಅವರೇ ತುಂಬಿಕೋತಾರ.
ಆರು ಸಲ ಫ್ರಿಜ್ಜಿನ ಬಾಗಿಲಿಗೆ ಕಾಗದ ಆನಿಸಿ
ಓದ್ಲಾರ್ದೇ ಸಹಿ ಮಾಡೀನಿ.
ನಂಗೂ ಒಬ್ಬ ಏಜೆಂಟ್ ಅದಾನ ಅಂದಂಗಾತು.
ನನ್ನ ಪಗಾರದಾಗ ಪಾಲು ತಿಂದು
ಆ ಕಡಿ ಕುರ್ಚಿ ಮ್ಯಾಲ ಕುಂದ್ರತಾನ.

ಈ ಸಲ ನಾನೂ ಕುರ್ಚಿ ಎಳಕೊಂಡೆ.
‘ಅಂಕಿ ನನ್ನೆದುರೇ ಬರೀರಿ.
ರಾತ್ರಿ ಪಾಳಿಗೆ ಬ್ಯಾರೆ ರೊಕ್ಕ.
ಆ ಒಂದು ದಿನದ ಕತ್ತರಿ ತಗೀರಿ.
ಗಾಡಿ ತಪ್ಪಿದ ರಾತ್ರಿ ಆಟೋ ಬಾಡಿಗಿ.’
ಬಾಯಿ ಅಲ್ಲಿಗೇ ನಿಲ್ಲಲಿಲ್ಲ:
‘ಮತ್ತ ನಿಷ್ಠೆಗಂತ ಒಂದು ಗಂಟು.’

ಅಣ್ಣಾರಾವನ ಮಾರಿ ಮ್ಯಾಲ ಪಟ್ಟಿ ಗಿಟ್ಟಿ ಇರಲಿಲ್ಲ.
ಕೆಂಪು ಮಾತ್ರ ಕಂಡ್ತು.
‘ಇದು ಅತಿಯಾತ್ ನೀಲಗಂಗಾ ಮೇಡಂ.
ನಿಮಗ ಕೊಟ್ರ ನಾಳೆ ಎಕ್ಸ್‌ರೇ ರೂಮಿನ ತಸ್ನೀಮ್ ಬರ್ತಾಳ,
ಅಕಿ ಹಿಂದ ವಾರ್ಡಿನ ಸಿದ್ರಾಮ...’
ಇದು ನನ್ನ ಮಾತು.
ಎಲ್ಲಿ ಕೇಳಿದ್ದ ಇಂವ?
‘ವಿಚಾರ ಮಾಡ್ರಿ. ಸೋಮವಾರ ಬರ್ತೀನಿ.’

ಎದಿನಾಲ್ದೊಗೆ ಏನು ಮಾಡ್ದಿ ಅಂದ್ರ,
ಕೊಡಲಿಲ್ಲ. ಖರೇನ ಹೇಳ್ತೀನಿ.
ಮಾರಿಬಿಟ್ಟೆ, ರೇಟು ಛಲೋ ಬಂತು.
ಈಗ ಎರಡೂವರಿಗೆ ಹೊಸ ತಂಡದ ಜೋಡಿ ನಮ್ಮ ಮೈದಾನಕ್ಕೇ ಬಂದು
ಎರಡು ಗೋಲು ಹೊಡದ.
ಎರಡನೇದಕ್ಕ ನಾ ಎದ್ದುನಿಂತು ಚಪ್ಪಾಳಿ ತಟ್ಟಿದೆ,
ವರಾಂಡದಾಗ ಮಲಗಿದವರು ಯಾರೋ
ಮಗ್ಗಲ ಬದಲಿಸಿದ್ರು.

ನಾಕು ಗಂಟಿ. ನಾಕು ಡಿಗ್ರಿ.
ರಜಿಸ್ಟರಿನಾಗ ಸಹಿ ಹಾಕಿದೆ, ದುಂಡಗ, ಪೂರಾ ಹೆಸರು.
ಅಣ್ಣಾರಾವನ ಕಾಗದ ಟೇಬಲ್ ಮ್ಯಾಲೇ ಅದ.
ನುಣುಪು ಕಾಗದ.
ಮೌಸು ಅದರ ಮ್ಯಾಲ ಛಲೋ ಓಡ್ತದ.