ಅದು ಗಾಡಿಯಲ್ಲ

ಹೊಸನಗರದ ಕೋರ್ಟಿನಲ್ಲಿ ಮೂರು ಸಲ ಕೂಗಿದರು:
ಗುತ್ಯಪ್ಪ ಬಿನ್ ಹುಚ್ಚಪ್ಪ, ಗುತ್ಯಪ್ಪ ಬಿನ್ ಹುಚ್ಚಪ್ಪ...
ಮೂರನೆಯದಕ್ಕೆ ಸತ್ತ ಅಪ್ಪನೇ ಎದ್ದು ಬಂದಾನು ಅನಿಸಿ
ಬಾಗಿಲಲ್ಲೇ ಚಪ್ಪಲಿ ಬಿಟ್ಟೆ.
ಯಾರೋ ನಕ್ಕರು. ಇದು ದೇವಸ್ಥಾನ ಅಲ್ಲ ಮಾರಾಯ, ಹಾಕ್ಕೋ.

ಕಟಕಟೆಯ ಮರಕ್ಕೆ ನನಗಿಂತ ಮೊದಲಿನವರ ಕೈಬೆವರು.
ಓದಿದರು: ಗರ್ತಿಕೆರೆ ತಿರುವು, ರಾತ್ರಿ ಒಂಬತ್ತೂ ಕಾಲು,
ಹಿಂದೆ ರಸ್ಕು ಬನ್ನಿನ ಪೆಟ್ಟಿಗೆ, ಮುಂದೆ ದೀಪವಿಲ್ಲ,
ಯಂತ್ರಕ್ಕೆ ಊದಿದಾಗ ನೂರಾ ಅರವತ್ತೆರಡು.
ಮೂವತ್ತು ದಾಟಬಾರದಂತೆ.
ಒಪ್ಪುತ್ತೀಯಾ?

ಒಪ್ಪುವುದೆಂದೇ ಹೊರಟಿದ್ದೆ. ನಾಲಿಗೆ ಬೇರೆಯೇ ಹೇಳಿತು:
ಅಮ್ಮಾ, ಅದು ಗಾಡಿಯಲ್ಲ.
ಎಕ್ಸೆಲ್ಲು. ಸೈಕಲ್ಲಿಗೊಂದು ಗುಡುಗುಡು ಕಟ್ಟಿದ್ದು.
ಏರು ಬಂದರೆ ಇಳಿದು ತಳ್ಳುತ್ತೇನೆ,
ನಾಯಿ ಅಟ್ಟಿಸಿಕೊಂಡು ಬಂದರೆ ನಾಯಿಯೇ ಮುಂದೆ.
ಲಾರಿಗೆ, ಕಾರಿಗೆ ಹೊಲಿದ ಕಾನೂನು
ಇದರ ಮೈಗೆ ದೊಗಳೆಯಾಗುತ್ತದೆ.

ಜಡ್ಜಮ್ಮ ಕನ್ನಡಕ ತೆಗೆದು ಒರೆಸಿದರು.
ಚಿಕ್ಕ ವಯಸ್ಸು, ನನ್ನ ತಂಗಿಯಷ್ಟೇ.
ಇಂಜಿನ್ ಇದೆಯಲ್ಲ?
ಇದೆ.
ನಂಬರ್ ಪ್ಲೇಟು?
ಇದೆ.
ಎದುರು ಬಂದವರಿಗೆ ತಾಗಿದರೆ,
ಪಾಪ ಸಣ್ಣದು ಅಂತ ಮೂಳೆ ಮೆತ್ತಗೆ ಮುರಿಯುತ್ತದಾ?

ಹತ್ತು ಸಾವಿರ. ಕಟ್ಟದಿದ್ದರೆ ಒಂದು ತಿಂಗಳು ಒಳಗೆ.
ಲೈಸೆನ್ಸು ಆರು ತಿಂಗಳು ಅವರ ಕಪಾಟಿನಲ್ಲಿ.
ಮತ್ತೊಮ್ಮೆ ಸಿಕ್ಕಿದರೆ ಮಾತು ಎರಡು ವರ್ಷದವರೆಗೆ ಹೋಗುತ್ತದಂತೆ.
ಹೆಂಡತಿ ಸಂಘದಲ್ಲಿ ಸಾಲ ಎತ್ತಿದಳು, ಹೊಲಿಗೆ ಯಂತ್ರಕ್ಕೆಂದು ಬರೆಸಿ.
ನಮ್ಮ ಮನೆಯಲ್ಲೀಗ ಕಾಗದದ ಮೇಲೆ ಒಂದು ಹೊಲಿಗೆ ಯಂತ್ರವಿದೆ.

ಬರೆದದ್ದೆಲ್ಲ ಸರಿ, ಒಂದಕ್ಷರ ತಪ್ಪಿಲ್ಲ.
ಆದರೆ ಅವರು ಬರೆದದ್ದು ಮಂಗಳವಾರದ್ದು.
ನಾನು ಹೇಳಬೇಕಿದ್ದದ್ದು ಅದರ ಹಿಂದಿನ ಶನಿವಾರ.

ಅವತ್ತೂ ವಾರದ ವಸೂಲಿ ಮುಗಿಸಿ ಎರಡು ಕ್ವಾರ್ಟರು.
ರಿಪ್ಪನ್‌ಪೇಟೆ ಬಿಟ್ಟದ್ದು ನೆನಪಿದೆ, ಮನೆ ಹೊಸ್ತಿಲು ನೆನಪಿದೆ.
ನಡುವಿನ ಹನ್ನೊಂದು ಕಿಲೋಮೀಟರನ್ನು
ಯಾರೋ ಕತ್ತರಿಸಿಕೊಂಡು ಹೋಗಿದ್ದಾರೆ.
ಬೆಳಿಗ್ಗೆ ನೋಡಿದರೆ ಕನ್ನಡಿ ಇಲ್ಲ,
ಬ್ರೇಕಿನ ಹಿಡಿ ಒಳಕ್ಕೆ ಮಡಚಿದೆ,
ಅದಕ್ಕೆ ಸುತ್ತಿಕೊಂಡು ಒಂದೆಳೆ ಉಣ್ಣೆ. ಕೆಂಪು.
ನಮ್ಮಲ್ಲಿ ಕೆಂಪು ಸ್ವೆಟರು ಯಾರದ್ದೂ ಇಲ್ಲ.
ಬಿಡಿಸಿದೆ. ಬೆರಳಿಗೆ ಸುತ್ತಿದೆ. ಜೇಬಿಗೆ ಹಾಕಿದೆ.
ಎಂತಕ್ಕೆ ಗುದ್ದಿದ್ದು? ಎಂದಳು ಹೆಂಡತಿ. ಬೇಲಿಗೆ, ಎಂದೆ.
ಬೇಲಿಗೆ ಯಾರು ಸ್ವೆಟರ್ ಹಾಕುತ್ತಾರೆ ಅಂತ
ಅವಳು ಕೇಳಲಿಲ್ಲ. ಕೇಳಲಿಲ್ಲವಲ್ಲ ಅಂತ ಇಡೀ ದಿನ ಕೂತಿದ್ದೆ.

ಊದುವ ಯಂತ್ರ ಉಸಿರನ್ನು ಅಳೆಯಿತು.
ಜೇಬನ್ನು ಯಾರೂ ತಡವಲಿಲ್ಲ.

ಈಗ ಪೆಟ್ಟಿಗೆ ಸೈಕಲ್ಲಿನ ಮೇಲೆ. ನಿಜವಾದ ಸೈಕಲ್ಲು.
ಒಂದೊಂದು ಅಂಗಡಿಯಲ್ಲೂ ಲೆಕ್ಕ ಮುಗಿದ ಮೇಲೆ
ಒಂದು ಗಳಿಗೆ ಹೆಚ್ಚು ನಿಲ್ಲುತ್ತೇನೆ:
ಈ ಕಡೆ ಯಾರಿಗಾದರೂ ಪೆಟ್ಟಾಗಿತ್ತಾ, ಆ ಶನಿವಾರ?
ಯಾಕೋ?
ಸುಮ್ಮನೆ.

ನಿನ್ನೆ, ಹಾಲಿನ ಡೈರಿ ಪಕ್ಕದ ಗೂಡಂಗಡಿ.
ರಸ್ಕು ಕೇಳಿದವಳು ಎಡಗೈ ಚಾಚಿದಳು.
ಬಲಗೈ ಹಿಟ್ಟಿನ ಕಟ್ಟಿನಲ್ಲಿ, ಕುತ್ತಿಗೆಗೆ ಜೋತು;
ಕಟ್ಟಿನ ಮೇಲೆ ಯಾವುದೋ ಮಗು ಪೆನ್ನಿನಲ್ಲಿ ಚಿಟ್ಟೆ ಬರೆದಿತ್ತು.
ಎಂತಾಯ್ತು ಅಕ್ಕಾ?
ಹಾಲು ಹಾಕಿ ಬರ್ತಿದ್ದೆ, ಕತ್ತಲಲ್ಲಿ ಎಂತದೋ ಬಂತು.
ಲೈಟಿಲ್ಲ. ನಿಲ್ಲಿಸಲೂ ಇಲ್ಲ.
ಗಾಡಿಯಾ?
ಅವಳು ಸ್ವಲ್ಪ ಯೋಚಿಸಿದಳು.
ಗಾಡಿ ಅಂತ ಹೇಳಕ್ಕೆ ಬರಲ್ಲ.
ಬನ್ನಿನ ವಾಸನೆ ಬಂತು.

ಪೆಟ್ಟಿಗೆಯ ಮುಚ್ಚಳ ತೆರೆದೇ ಇತ್ತು.